ಒಂದನೇ ಕ್ಲಾಸಿನ ಮಗುಗೆ ಸಂಜೆ ಖಾಲಿ ಇರ್ಲಿ ಬಿಡಿ

ನನ್ನ ಮಗಳು ಈ ಜೂನ್‌ನಿಂದ ಒಂದನೇ ಕ್ಲಾಸು, ಮೈಸೂರಲ್ಲೇ. ಸ್ಕೂಲ್ ಶುರುವಾದಾಗಿಂದ ಸಿಕ್ಕಿದವರೆಲ್ಲ ಕೇಳೋದು ಒಂದೇ, ಸಂಜೆ ಯಾವ ಕ್ಲಾಸಿಗೆ ಹಾಕಿದೀರಾ ಅಂತ. ವ್ಯಾನ್ ಕಾಯೋ ಜಾಗದಲ್ಲಿ ನಿಂತ್ಕೊಂಡ್ರೆ ಸಾಕು, ಅಬಾಕಸ್, ಭರತನಾಟ್ಯ, ಕರಾಟೆ, ಸ್ಕೇಟಿಂಗ್, ಚೆಸ್, ಇಂಗ್ಲಿಷ್ ಅಕ್ಷರಗಳ ಸದ್ದು ಕಲಿಸೋ ಫೋನಿಕ್ಸ್, ಎಲ್ಲಾ ಕಿವಿಗೆ ಬೀಳುತ್ತೆ. ನಾವು ಯಾವುದಕ್ಕೂ ಹಾಕಿಲ್ಲ, ದಸರಾ ರಜೆ ಮುಗಿಯೋ ತನಕ ಹಾಕೋದೂ ಇಲ್ಲ. ತುಂಬಾ ಯೋಚನೆ ಮಾಡೇ ಹೀಗೆ ನಿರ್ಧಾರ ಮಾಡಿದ್ದು, ಅದಕ್ಕೇ ಯಾಕೆ ಅಂತ ಬರೀತಿದೀನಿ.

ಯುಕೆಜಿಗೂ ಒಂದನೇ ಕ್ಲಾಸಿಗೂ ಏನ್ ಮಹಾ ವ್ಯತ್ಯಾಸ ಅಂತ ನಮಗೆ ಅನ್ಸುತ್ತೆ, ಆದ್ರೆ ಮಗು ಕಡೆಯಿಂದ ನೋಡಿ. ಹೋದ ವರ್ಷ ಮಧ್ಯಾಹ್ನಕ್ಕೆ ಮನೆಗೆ ಬಂದು ಊಟ ಮಾಡಿ ಅಜ್ಜಿ ಪಕ್ಕ ಮಲಗ್ತಿದ್ದ ಮಗು ಈಗ ಮೂರೂವರೆ ತನಕ ಬೆಂಚಲ್ಲಿ ಕೂತಿರುತ್ತೆ, ಬೋರ್ಡ್ ನೋಡಿ ಬರ್ಕೋಬೇಕು, ಟಾಯ್ಲೆಟ್‌ಗೆ ಹೋಗೋಕೂ ಮಿಸ್‌ನ ಕೇಳ್ಬೇಕು, ಬೆಲ್ ಹೊಡಿಯೋದ್ರೊಳಗೆ ಟಿಫನ್ ಬಾಕ್ಸ್ ಖಾಲಿ ಮಾಡ್ಬೇಕು, ಹೊಸ ಮಕ್ಕಳ ಜೊತೆ ಹೊಂದ್ಕೋಬೇಕು. ಮಧ್ಯಾಹ್ನದ ನಿದ್ದೆ ಅಂತೂ ಹೋಯ್ತು. ನಮ್ಮ ರಾಜ್ಯದಲ್ಲಿ ಒಂದನೇ ಕ್ಲಾಸಿಗೆ ಸೇರಿಸೋಕೆ ಜೂನ್ 1ಕ್ಕೆ ಆರು ವರ್ಷ ತುಂಬಿರ್ಬೇಕು ಅಂತ ರೂಲ್ ಮಾಡಿದಾಗ ಎಷ್ಟೊಂದು ಜನ ಒಂದು ವರ್ಷ ವೇಸ್ಟ್ ಆಯ್ತು ಅಂದ್ರು, ನನಗೆ ಮಾತ್ರ ಅದು ಸರಿ ಅನ್ಸಿದ್ದೇ ಇದಕ್ಕೆ.

ಸ್ಕೂಲಲ್ಲಿ ಮಿಸ್ ಹೇಳೋದು ನಿಮ್ಮ ಮಗಳು ತುಂಬಾ ಶಾಂತ ಅಂತ. ಮನೆಗೆ ಬಂದ್ರೆ ಶೂ ಬಿಚ್ಚೋಕ್ ಮುಂಚೆ ಅಳು, ನೀಲಿ ಲೋಟದಲ್ಲಿ ಹಾಲು ಕೊಟ್ಟೆ ನನಗೆ ಸ್ಟೀಲ್ ಲೋಟ ಬೇಕಿತ್ತು ಅಂತ. ನಮ್ಮ ಅತ್ತೆ, ಇದು ಹಠ ಅಲ್ಲ ಕಣೇ, ದಿನವಿಡೀ ಬಿಗಿ ಹಿಡ್ಕೊಂಡಿರುತ್ತಲ್ಲ ಮಗು, ಇಲ್ಲಿ ಬಿಡುತ್ತೆ ಅಷ್ಟೇ ಅಂದ್ರು. ನೂರಕ್ಕೆ ನೂರು ನಿಜ. ಆ ಒಂದು ಗಂಟೆ ಅತ್ತು, ತಿಂದು, ನೆಲದ ಮೇಲೆ ಉರುಳಾಡೋಕೆ ಮಗುಗೆ ಬೇಕು. ಅದೇ ಟೈಮಿಗೆ ಬೇರೆ ಡ್ರೆಸ್ ಹಾಕಿ ಸ್ಕೂಟರ್ ಹತ್ತಿಸಿ ಇನ್ನೊಂದು ಕಡೆ ಕೂರಿಸಿದ್ರೆ ಅಲ್ಲೂ ಬಿಗಿ ಹಿಡ್ಕೊಂಡೇ ಕೂರ್ಬೇಕಲ್ವಾ.

ಲೆಕ್ಕ ಹಾಕಿ ನೋಡಿ ಒಂದ್ಸಲ. 6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು ಅಂತಾರೆ ಡಾಕ್ಟರ್‌ಗಳು. ಬೆಳಿಗ್ಗೆ ಆರೂವರೆಗೆ ಏಳೋ ಮಗು ರಾತ್ರಿ ಎಂಟೂವರೆಗೆ ಮಲಗಿದ್ರೆ 10 ಗಂಟೆ ಆಯ್ತು. ವ್ಯಾನ್ ಮನೆ ಮುಟ್ಟೋದು ನಾಲ್ಕಕ್ಕೆ. ಉಳಿದಿದ್ದು ನಾಲ್ಕೂವರೆ ಗಂಟೆ, ಅದ್ರಲ್ಲೇ ತಿಂಡಿ, ಸ್ನಾನ, ಊಟ, ಆಟ, ಕತೆ ಎಲ್ಲಾ. ಒಂದು ಗಂಟೆ ಕ್ಲಾಸ್ ಅಂತಾರೆ, ರೆಡಿ ಆಗೋದು, ಹೋಗೋದು ಬರೋದು ಸೇರಿ ಎರಡು ಗಂಟೆ ಆರಾಮಾಗಿ ತಿನ್ನುತ್ತೆ.

ಇನ್ನೊಂದು, ಕ್ಲಾಸ್ ಅಂದ್ರೆ ಕ್ಲಾಸ್ ಒಂದೇ ಅಲ್ಲ. ಅಬಾಕಸ್‌ಗೆ ಹಾಕಿದ್ರೆ ದಿನಾ ಮನೇಲಿ ಶೀಟ್ ಮಾಡಿಸ್ಬೇಕು, ಲೆವೆಲ್ ಪರೀಕ್ಷೆ ಬೇರೆ. ಕೇಂದ್ರ ಸರ್ಕಾರದ 2020ರ ಸ್ಕೂಲ್ ಬ್ಯಾಗ್ ಪಾಲಿಸಿಲೇ ಎರಡನೇ ಕ್ಲಾಸಿನ ತನಕ ಹೋಂವರ್ಕ್ ಬೇಡ ಅಂತಿದೆ, ಸ್ಕೂಲ್ ಕೊಡದೇ ಇರೋ ಹೋಂವರ್ಕ್‌ನ ನಾವು ಫೀಸ್ ಕಟ್ಟಿ ತರೋದು ಯಾವ ನ್ಯಾಯ. ಸಂಗೀತ ನನಗೆ ತುಂಬಾ ಇಷ್ಟ, ನಾನೂ ಕಲ್ತಿದೀನಿ, ಆದ್ರೆ ಮಾಯಾಮಾಳವಗೌಳ ರಾಗದಲ್ಲಿ ಹೇಳ್ಕೊಡೋ ಮೊದಲ ಸ್ವರಪಾಠ ಸರಳೆ ವರಸೆ, ಅದು ಮೂರು ಕಾಲದಲ್ಲೂ, ಅಂದ್ರೆ ಮೂರು ವೇಗದಲ್ಲೂ, ಸರಿಯಾಗಿ ಬರ್ಬೇಕು ಅಂದ್ರೆ ದಿನಾ ಕೂತು ಹಾಡ್ಬೇಕು, ವಾರಕ್ಕೆ ಎರಡು ದಿನ ಹೋಗಿ ಬಂದ್ರೆ ಆಗಲ್ಲ. ಭರತನಾಟ್ಯ ಕೇಳೋಕೆ ಹೋದಾಗ ನಮ್ಮ ಏರಿಯಾದ ಡ್ಯಾನ್ಸ್ ಟೀಚರ್ರೇ ಅಂದ್ರು, ಅರೆಮಂಡಿಲಿ, ಅಂದ್ರೆ ಮಂಡಿ ಬಗ್ಗಿಸಿ ಅರ್ಧ ಕೂತು, ಕಾಲು ತಟ್ಟೋ ತಟ್ಟಡವು ಮಾಡೋಕೆ ಕಾಲಿಗೆ ಶಕ್ತಿ ಬೇಕಮ್ಮ, ಏಳು ತುಂಬ್ಲಿ ಕರ್ಕೊಂಡು ಬನ್ನಿ, ಏನೂ ಲೇಟ್ ಆಗಲ್ಲ ಅಂತ. ಬಂದ ಫೀಸು ಬೇಡ ಅನ್ನೋ ಅಂಥ ಟೀಚರ್ ಸಿಗೋದು ಪುಣ್ಯ. ಕೆಲವು ಕಡೆ ಮೊದಲ ದಿನಾನೇ ಆರು ತಿಂಗಳ ಫೀಸ್ ಒಟ್ಟಿಗೆ ಕಟ್ಟಿ ಡಿಸ್ಕೌಂಟ್ ಇದೆ ಅಂತಾರೆ, ಅಲ್ಲಿಗೆ ನಾನಂತೂ ಹೋಗಲ್ಲ, ಮಗುಗೆ ಇಷ್ಟ ಆಗ್ಲಿಲ್ಲ ಅಂದ್ರೂ ದುಡ್ಡು ಕಟ್ಟಿದೀವಲ್ಲ ಅಂತ ಎಳ್ಕೊಂಡು ಹೋಗ್ಬೇಕಾಗುತ್ತೆ.

ಹಾಗಾದ್ರೆ ಸಂಜೆ ಏನ್ ಮಾಡ್ತಾಳೆ? ಐದರಿಂದ ಆರೂವರೆ ತನಕ ಬೀದಿಲಿ ಆಟ, ಕುಂಟೆಬಿಲ್ಲೆ, ಲಗೋರಿ, ಸೈಕಲ್ಲು. ಮಳೆ ಬಂದ್ರೆ ಅಜ್ಜಿ ಜೊತೆ ಚೌಕಾಬಾರ. ನಾಲ್ಕು ಕವಡೆ ಹಾಕಿ ಎಣಿಸಿ, ನನ್ನ ಕಾಯಿ ಎಷ್ಟು ಮನೆ ನಡೆಸಿದ್ರೆ ಅಜ್ಜಿ ಕಾಯಿ ಹೊಡೀಬಹುದು ಅಂತ ಮನಸಲ್ಲೇ ಲೆಕ್ಕ ಹಾಕೋದು ನೋಡ್ಬೇಕು ನೀವು, ಸೋತಾಗ ಮೂತಿ ಊದಿಸ್ಕೊಂಡು ಮತ್ತೆ ಕೂರೋದನ್ನೂ. ನಡುಮನೆ ಸೇರಿ ಹಣ್ಣಾಗೋಕ್ ಮುಂಚೆ ಹೊಡೆಸ್ಕೊಂಡ ಕಾಯಿನ ಮತ್ತೆ ಮೊದಲಿಂದ ನಡೆಸೋ ತಾಳ್ಮೆನ ಯಾವ ಕ್ಲಾಸಿಗೆ ಕಳಿಸಿ ಕಲಿಸೋಣ ಹೇಳಿ.

ನನಗೆ ಗೊತ್ತು, ಎಲ್ರ ಮನೇಲೂ ಅಜ್ಜಿ ಇರಲ್ಲ. ಇಬ್ರೂ ಕೆಲಸಕ್ಕೆ ಹೋಗೋರಿಗೆ ಆರೂವರೆ ತನಕ ಮಗು ಎಲ್ಲಾದ್ರೂ ಸೇಫಾಗಿ ಇರ್ಲೇಬೇಕು, ಅದಕ್ಕೇ ಎಷ್ಟೋ ಜನ ಕ್ಲಾಸಿಗೆ ಹಾಕೋದು, ಅದರಲ್ಲಿ ತಪ್ಪು ಹುಡುಕೋ ಹಕ್ಕು ಯಾರಿಗೂ ಇಲ್ಲ. ನನ್ನ ಅಕ್ಕಂದೂ ಬೆಂಗಳೂರಲ್ಲಿ ಇದೇ ಕತೆ. ಅವಳು ದಿನಕ್ಕೊಂದು ಕ್ಲಾಸ್ ಬಿಟ್ಟು ಒಂದೇ ಡೇಕೇರ್ ಹಿಡಿದ್ಲು, ಅಲ್ಲಿ ಮಲಗೋಕೆ ಚಾಪೆ ಇದೆ, ಆಡೋಕೆ ಅಂಗಳ ಇದೆ, ನೋಡ್ಕೊಳೋ ಆಂಟಿ ದಿನಾ ಅವರೇ. ಆ ವಯಸ್ಸಿಗೆ ದಿನಾ ಅದೇ ಮುಖ ಕಾಣೋದು ದೊಡ್ಡ ಸಮಾಧಾನ.

ಅಕ್ಟೋಬರ್ ಆದ್ಮೇಲೆ ಒಂದಕ್ಕೆ ಸೇರಿಸ್ತೀವಿ, ಒಂದೇ ಒಂದು. ನಡ್ಕೊಂಡು ಹೋಗೋ ದೂರದಲ್ಲಿರ್ಬೇಕು, ವಾರಕ್ಕೆ ಎರಡು ದಿನ ದಾಟ್ಬಾರ್ದು, ಪರೀಕ್ಷೆ ಇರ್ಬಾರ್ದು, ತಿಂಗಳು ತಿಂಗಳು ಫೀಸ್ ತಗೋಬೇಕು. ಸ್ವಿಮ್ಮಿಂಗ್ ಅಂತಿದಾಳೆ ಅವಳು, ಚಳಿಗಾಲ ಕಳೀಲಿ ಅಂತ ಅವರಪ್ಪ. ನಾಟಕದ ಆಸೆ ಇದ್ರೆ ಬೇಸಿಗೆ ರಜೇಲಿ ನಮ್ಮೂರ ನಾಟಕ ಸಂಸ್ಥೆ ರಂಗಾಯಣದ ಮಕ್ಕಳ ಶಿಬಿರ, ಚಿಣ್ಣರ ಮೇಳ, ಇದ್ದೇ ಇರುತ್ತೆ, ಸ್ಕೂಲ್ ಇಲ್ಲದಾಗ ಅಂಥದ್ದು ಎಷ್ಟು ಬೇಕಾದ್ರೂ ಮಾಡ್ಲಿ. ಮೊನ್ನೆ ಪಕ್ಕದ ಮನೆಯವ್ರು ಅಬಾಕಸ್ ಫಾರಂ ತಂದ್ಕೊಟ್ರು, ದಸರಾ ಆದ್ಮೇಲೆ ನೋಡೋಣ ಅಕ್ಕಾ ಅಂದು ಟಿವಿ ಮೇಲೆ ಇಟ್ಟಿದೀನಿ.