‘ತಪ್ಪಾಯ್ತು’ ಅನ್ನುವ ಮುಂಚೆ

ಕಳೆದ ವರ್ಷ ಒಂದು ಭಾನುವಾರ ರಾತ್ರಿ ಹತ್ತೂವರೆಗೆ ಫೋನ್ ಬಂತು. ಮಾತು ಕೇಳಿದ ಕೂಡಲೇ ದಾವಣಗೆರೆ ಕಡೆಯ ಹುಡುಗ ಅಂತ ಗೊತ್ತಾಯಿತು. ನ್ಯೂಜೆರ್ಸಿಗೆ ಎಂ.ಎಸ್. ಓದಲು ಬಂದು ಎಂಟು ತಿಂಗಳಾಗಿತ್ತಂತೆ. "ಅಕ್ಕಾ, ನಿಮ್ಮ ನಂಬರ್ ಕನ್ನಡ ಕೂಟದವರು ಕೊಟ್ರು. ಅಂಗಡೀಲಿ ನನ್ನ ಹಿಡ್ಕೊಂಡ್ರು. ನಾನು ಅಲ್ಲೇ ತಪ್ಪಾಯ್ತು ಅಂತ ಹೇಳ್ಬಿಟ್ಟೆ, ಒಂದು ಪೇಪರ್‌ಗೆ ಸೈನೂ ಹಾಕ್ದೆ. ಇನ್ನೇನೂ ಆಗಲ್ಲ ಅಲ್ವಾ?"

ಸೆಲ್ಫ್ ಚೆಕ್‌ಔಟ್‌ನಲ್ಲಿ ಎರಡು ಸಾಮಾನು ಸ್ಕ್ಯಾನ್ ಆಗಿರಲಿಲ್ಲ. ಒಟ್ಟು 64 ಡಾಲರ್. ಅಂಗಡಿಯ ಸೆಕ್ಯುರಿಟಿಯವರು ಹಿಂದಿನ ರೂಮಿಗೆ ಕರೆದುಕೊಂಡು ಹೋದರು. ಪೊಲೀಸರು ಬಂದರು. ಬೆರಳಚ್ಚು ತೆಗೆದರು. ಕೋರ್ಟಿಗೆ ಬರಬೇಕು ಅಂತ ಸಮನ್ಸ್ ಕೊಟ್ಟು ಮನೆಗೆ ಕಳಿಸಿದರು. ಹುಡುಗನ ತಲೆಯಲ್ಲಿ ಇದ್ದದ್ದು ಒಂದೇ: ಹೋಗಿ ತಪ್ಪು ಒಪ್ಪಿಕೊಂಡು ದಂಡ ಕಟ್ಟಿ ಮುಗಿಸಿಬಿಡೋಣ, ಊರಲ್ಲಿ ಅಪ್ಪನಿಗೆ ಗೊತ್ತಾಗುವುದು ಬೇಡ.

ಅವತ್ತು ರಾತ್ರಿ ಅವನಿಗೆ ನಾನು ಹೇಳಿದ್ದು ಇಷ್ಟೇ. ಇನ್ನು ಯಾರ ಹತ್ತಿರವೂ ಈ ವಿಷಯ ಮಾತಾಡಬೇಡ. ಕೋರ್ಟಿಗೆ ಒಬ್ಬನೇ ಹೋಗಬೇಡ. ನಾಳೆ ಸಮನ್ಸ್ ತಗೊಂಡು ಆಫೀಸಿಗೆ ಬಾ.

ಇಂಥ ಫೋನ್ ನನಗೆ ತಿಂಗಳಿಗೆ ಎರಡೋ ಮೂರೋ ಬರುತ್ತವೆ. ಕ್ರಿಮಿನಲ್ ಕೇಸುಗಳಲ್ಲಿ ಆರೋಪಿಗಳ ಪರ, ಇಮಿಗ್ರೇಷನ್ ಕೋರ್ಟಿನಲ್ಲಿ ಗಡೀಪಾರು ಎದುರಿಸುವವರ ಪರ ವಾದ ಮಾಡುವುದು ನನ್ನ ಕೆಲಸ. ಎರಡೂ ಬೇರೆ ಬೇರೆ ಕಾನೂನು ಅಂತ ಜನ ಅಂದುಕೊಂಡಿದ್ದಾರೆ, ವಕೀಲರಲ್ಲೂ ಎಷ್ಟೋ ಜನ ಹಾಗೇ ಅಂದುಕೊಂಡಿದ್ದಾರೆ. ಅವೆರಡೂ ಸೇರುವ ಜಾಗದಲ್ಲೇ ನಮ್ಮವರು ಸಿಕ್ಕಿಹಾಕಿಕೊಳ್ಳುವುದನ್ನು ಇಷ್ಟು ವರ್ಷ ನೋಡಿದ್ದೇನೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಕಕ್ಷಿದಾರರ ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ.

ನಾನು ಶುರು ಮಾಡಿದ್ದು ತುಮಕೂರಿನಲ್ಲಿ. ಎಲ್‌ಎಲ್‌ಬಿ ಮುಗಿಸಿ ಮೂರು ವರ್ಷ ಒಬ್ಬ ಸೀನಿಯರ್ ಹತ್ತಿರ ಜಿಲ್ಲಾ ಕೋರ್ಟಿನಲ್ಲಿ ಜೂನಿಯರ್ ಆಗಿದ್ದೆ. ಜಾಮೀನು ಅರ್ಜಿ ಬರೆಯುವುದು, ವಾಯಿದೆ ಕೇಳುವುದು, ಜೈಲಿಗೆ ಹೋಗಿ ವಕಾಲತ್ತಿಗೆ ಸಹಿ ಹಾಕಿಸುವುದು. "ಕಳ್ಳರ ಪರ ಯಾಕಮ್ಮ ನಿಲ್ಲುತ್ತೀಯ?" ಅಂತ ನಮ್ಮ ದೊಡ್ಡಮ್ಮ ಕೇಳಿದಾಗ ಉತ್ತರ ಹೊಳೆಯದೆ ಸೀನಿಯರ್ ಹತ್ತಿರ ಹೇಳಿಕೊಂಡೆ. ಅವರು ಒಂದು ಚಾರ್ಜ್‌ಶೀಟ್ ಕೈಗೆ ಕೊಟ್ಟು, "ಕಳ್ಳ ಅಂತ ಇದರಲ್ಲಿ ಎಲ್ಲಿ ಸಾಬೀತಾಗಿದೆ ತೋರಿಸು" ಅಂದರು. ಇಡೀ ರಾತ್ರಿ ಓದಿದೆ. ಎಲ್ಲೂ ಇರಲಿಲ್ಲ. ಆರೋಪ ಇತ್ತು, ಅಷ್ಟೇ.

2008ರಲ್ಲಿ ಮದುವೆಯಾಗಿ ಇಲ್ಲಿಗೆ ಬಂದೆ. ಇಂಡಿಯಾದ ಎಲ್‌ಎಲ್‌ಬಿ ಮೇಲೆ ಒಂದು ವರ್ಷದ ಎಲ್‌ಎಲ್‌ಎಂ ಮಾಡಿ ನ್ಯೂಯಾರ್ಕ್ ಬಾರ್ ಪರೀಕ್ಷೆ ಬರೆಯುವವರು ಬಹಳ ಜನ. ನನಗೆ ನ್ಯೂಜೆರ್ಸಿಯ ಸ್ಥಳೀಯ ಕೋರ್ಟುಗಳಲ್ಲೇ ನಿಲ್ಲಬೇಕಿತ್ತು. ಅದಕ್ಕೆ ಇದೇ ರಾಜ್ಯದ ನ್ಯೂವರ್ಕ್‌ನಲ್ಲಿ ಮತ್ತೆ ಮೊದಲಿಂದ ಮೂರು ವರ್ಷ ಲಾ ಓದಿದೆ. ಎರಡನೇ ಸೆಮಿಸ್ಟರ್‌ನಲ್ಲಿ ಇದ್ದಾಗ, 2010ರ ಮಾರ್ಚ್ 31ಕ್ಕೆ, ಸುಪ್ರೀಂ ಕೋರ್ಟಿನಿಂದ ಪಡೀಯಾ ವರ್ಸಸ್ ಕೆಂಟಕಿ ತೀರ್ಪು ಬಂತು. ನನ್ನ ವೃತ್ತಿ ಯಾವುದು ಅಂತ ಅವತ್ತೇ ತೀರ್ಮಾನವಾಯಿತು ಅಂದರೂ ತಪ್ಪಿಲ್ಲ.

ಹೋಸೆ ಪಡೀಯಾ ಹೊಂಡುರಾಸ್‌ನಲ್ಲಿ ಹುಟ್ಟಿದವರು. ಗ್ರೀನ್ ಕಾರ್ಡ್ ಇಟ್ಟುಕೊಂಡು ಅಮೆರಿಕದಲ್ಲಿ 40 ವರ್ಷಕ್ಕೂ ಜಾಸ್ತಿ ಇದ್ದವರು, ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿ ಇದ್ದವರು. ಟ್ರಕ್‌ನಲ್ಲಿ ಗಾಂಜಾ ಸಿಕ್ಕಿತು. ಇಷ್ಟು ವರ್ಷದಿಂದ ಇಲ್ಲೇ ಇದ್ದೀಯ, ಗಡೀಪಾರಿನ ಚಿಂತೆ ಬೇಡ ಅಂತ ಅವರ ವಕೀಲ ಹೇಳಿದ. ಅದನ್ನು ನಂಬಿ ಅವರು ಗಿಲ್ಟಿ ಎಂದರು. ಆದರೆ ಆ ಅಪರಾಧಕ್ಕೆ ಗಡೀಪಾರು ಹೆಚ್ಚುಕಡಿಮೆ ಖಚಿತವಾಗಿತ್ತು. ತಪ್ಪು ಒಪ್ಪಿಕೊಂಡರೆ ಗಡೀಪಾರಾಗುವ ಅಪಾಯ ಇದೆಯಾ ಅಂತ ಕಕ್ಷಿದಾರನಿಗೆ ತಿಳಿಸುವುದು ಕ್ರಿಮಿನಲ್ ವಕೀಲನ ಕರ್ತವ್ಯ, ತಿಳಿಸದಿದ್ದರೆ ಸಂವಿಧಾನ ಕೊಟ್ಟಿರುವ ವಕೀಲರ ನೆರವು ಸಿಕ್ಕಂತಲ್ಲ ಎಂದು ಕೋರ್ಟು ಹೇಳಿತು. ನನಗೆ ಆಶ್ಚರ್ಯವಾಗಿದ್ದು ತೀರ್ಪಿಗಲ್ಲ. 2010ರ ತನಕ ಇದನ್ನು ಇಡೀ ದೇಶಕ್ಕೆ ಕಡ್ಡಾಯ ಮಾಡಿರಲಿಲ್ಲವಲ್ಲ ಅನ್ನುವುದಕ್ಕೆ.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು, ಯಾಕೆಂದರೆ ಊರಿನ ಕೋರ್ಟು ನೋಡಿದವರಿಗೆ ಇದು ಬೇಗ ಅರ್ಥವಾಗುವುದಿಲ್ಲ. ನಮ್ಮಲ್ಲಿ ಕೇಸು ಅಂದರೆ ಸಾಕ್ಷಿ, ಪಾಟೀ ಸವಾಲು, ವರ್ಷಗಟ್ಟಲೆ ವಾಯಿದೆ. ಇಲ್ಲಿ ಹೆಚ್ಚಿನ ಕೇಸುಗಳು ಸಾಕ್ಷಿಯ ತನಕ ಹೋಗುವುದೇ ಇಲ್ಲ. ಫೆಡರಲ್ ಕೋರ್ಟುಗಳಲ್ಲಿ ಆಗುವ ಶಿಕ್ಷೆಗಳಲ್ಲಿ ನೂರಕ್ಕೆ 97, ರಾಜ್ಯಗಳ ಕೋರ್ಟುಗಳಲ್ಲಿ ನೂರಕ್ಕೆ 94 ಬರುವುದು ಆರೋಪಿಯೇ ಗಿಲ್ಟಿ ಎಂದು ಹೇಳಿದ್ದರಿಂದ. ಸುಪ್ರೀಂ ಕೋರ್ಟೇ 2012ರ ಒಂದು ತೀರ್ಪಿನಲ್ಲಿ ಕೊಟ್ಟ ಲೆಕ್ಕ ಇದು. ಸರ್ಕಾರದ ಪರ ವಾದಿಸುವ ಪ್ರಾಸಿಕ್ಯೂಟರ್ ಮತ್ತು ಆರೋಪಿಯ ವಕೀಲ ಕೂತು ಮಾತಾಡುತ್ತಾರೆ, ಆರೋಪ ಸ್ವಲ್ಪ ಇಳಿಯುತ್ತದೆ, ಆರೋಪಿ ಜಡ್ಜ್ ಮುಂದೆ ನಿಂತು ಹತ್ತು ನಿಮಿಷ ಎಸ್, ಎಸ್ ಅನ್ನುತ್ತಾನೆ, ಮುಗಿಯಿತು. ಅಮೆರಿಕದ ಪ್ರಜೆಗೆ ಅದು ಅಲ್ಲಿಗೇ ಮುಗಿಯಬಹುದು. ವೀಸಾದಲ್ಲಿ ಇರುವವನಿಗೆ ಇನ್ನೊಂದು ಕೇಸು ಅಲ್ಲಿಂದಲೇ ಶುರು.

ಆ ಇನ್ನೊಂದು ಕೇಸಿನಲ್ಲಿ ಪದಗಳ ಅರ್ಥವೇ ಬೇರೆ. ನಮ್ಮ ಹುಡುಗನ ಕೇಸನ್ನೇ ತಗೊಳ್ಳಿ. ನ್ಯೂಜೆರ್ಸಿಯಲ್ಲಿ 200 ಡಾಲರ್‌ಗಿಂತ ಕಡಿಮೆ ಬೆಲೆಯ ಅಂಗಡಿ ಕಳ್ಳತನ ಅಂದರೆ ಸಣ್ಣ ಅಪರಾಧ, ಊರಿನ ಮುನಿಸಿಪಲ್ ಕೋರ್ಟಿನಲ್ಲಿ ನಡೆಯುತ್ತದೆ. ಮೊದಲ ಸಲ ಸಿಕ್ಕಿಬಿದ್ದವರಿಗೆ 2014ರಿಂದ ಒಂದು ಸೌಲಭ್ಯ ಇದೆ. ಕಂಡೀಷನಲ್ ಡಿಸ್‌ಮಿಸಲ್ ಅಂತ. ಗಿಲ್ಟಿ ಅನ್ನಬೇಕು, ಒಂದು ವರ್ಷ ಯಾವ ತಂಟೆಗೂ ಹೋಗದೆ ಇರಬೇಕು, ಆಮೇಲೆ ಕೇಸು ವಜಾ. ರಾಜ್ಯದ ದಾಖಲೆಯಲ್ಲಿ ಶಿಕ್ಷೆಯೇ ಆಗಿಲ್ಲ. ಕೇಳುವುದಕ್ಕೆ ಎಷ್ಟು ಚೆನ್ನಾಗಿದೆ ನೋಡಿ. ಆದರೆ ಫೆಡರಲ್ ಕಾನೂನು 1996ರಲ್ಲಿ ಬದಲಾಯಿತು. ಆರೋಪಿ ತಪ್ಪು ಒಪ್ಪಿಕೊಂಡು, ಜಡ್ಜ್ ಯಾವುದೇ ಥರದ ಶಿಕ್ಷೆಯನ್ನೋ ನಿರ್ಬಂಧವನ್ನೋ ಹಾಕಿದ್ದರೆ, ಇಮಿಗ್ರೇಷನ್ ಲೆಕ್ಕದಲ್ಲಿ ಅವನಿಗೆ ಶಿಕ್ಷೆ ಆಗಿದೆ. ರಾಜ್ಯ ಆಮೇಲೆ ವಜಾ ಮಾಡಿದರೂ ಅಷ್ಟೇ. ಅದರ ಮೇಲೆ, ಕಳ್ಳತನ ಅನ್ನುವುದು ನೈತಿಕ ಅಧಃಪತನದ ಅಪರಾಧಗಳ ಸಾಲಿಗೆ ಬರುತ್ತದೆ. ಇಂಥ ಸಣ್ಣ ಕೇಸು ಒಂದಾದರೆ ಕಾನೂನಿನಲ್ಲಿ ತಪ್ಪಿಸಿಕೊಳ್ಳಲು ದಾರಿ ಇದೆ. ಬೇರೆ ಬೇರೆ ಘಟನೆಗಳಲ್ಲಿ ಎರಡಾದರೆ ಗಡೀಪಾರಿನ ಬಾಗಿಲು ತೆರೆಯುತ್ತದೆ. ಒಂದೇ ಆದರೂ, ಪಾಸ್‌ಪೋರ್ಟಿಗೆ ಹೊಸ ವೀಸಾ ಹಾಕಿಸಿಕೊಳ್ಳುವ ಸ್ಟಾಂಪಿಂಗ್‌ಗೆ ಹೋದಾಗ ಕಾನ್ಸುಲೇಟಿನ ಕಿಟಕಿಯ ಮುಂದೆ ನಿಂತು ವಿವರಣೆ ಕೊಡಬೇಕು.

ಈ ಹುಡುಗನ ರೂಮ್‌ಮೇಟ್‌ಗಳು ಅದನ್ನೇ ಹೇಳಿದ್ದರು. "ಅದೇನೋ ಪ್ರೋಗ್ರಾಂ ಇದೆ, ಲಾಯರ್ ಯಾಕೆ ದುಡ್ಡು ದಂಡ, ಗಿಲ್ಟಿ ಅಂದ್ಬಿಡು." ಸ್ನೇಹದಿಂದಲೇ ಹೇಳಿದ್ದು. ಅವರನ್ನು ಬೈಯುವ ಹಾಗಿಲ್ಲ. ಎಷ್ಟೋ ವಕೀಲರಿಗೇ ಗೊತ್ತಿರುವುದಿಲ್ಲ. ಇಮಿಗ್ರೇಷನ್ ಫೆಡರಲ್ ಕಾನೂನು, ಯಾವ ರಾಜ್ಯದ ಲೈಸೆನ್ಸ್ ಇದ್ದರೂ ಎಲ್ಲಿ ಬೇಕಾದರೂ ಮಾಡಬಹುದು. ಹಾಗಾಗಿ ಕಂಪನಿಯ ಎಚ್‌1ಬಿ ಕೆಲಸದ ವೀಸಾ ನೋಡಿಕೊಳ್ಳುವ ವಕೀಲರು ಟೆಕ್ಸಾಸ್‌ನಲ್ಲಿ ಕೂತಿರುತ್ತಾರೆ, ಇಲ್ಲಿಯ ಮುನಿಸಿಪಲ್ ಕೋರ್ಟನ್ನು ಕಂಡೇ ಇರುವುದಿಲ್ಲ. ಇಲ್ಲಿ ದಿನಾ ಟ್ರಾಫಿಕ್ ಕೇಸು ನೋಡುವ ವಕೀಲರು ವೀಸಾ ಅರ್ಜಿಯನ್ನು ಕಂಡಿರುವುದಿಲ್ಲ. ಇವರಿಬ್ಬರ ನಡುವಿನ ಖಾಲಿ ಜಾಗದಲ್ಲಿ ಜನ ಬೀಳುತ್ತಾರೆ.

ಜೇ ಲೀ ಎನ್ನುವವರ ಕೇಸು ನನಗೆ ಯಾವಾಗಲೂ ನೆನಪಾಗುತ್ತದೆ. ದಕ್ಷಿಣ ಕೊರಿಯಾದಿಂದ 13ನೇ ವಯಸ್ಸಿಗೆ ಬಂದವರು, ಟೆನೆಸಿಯಲ್ಲಿ ಹೋಟೆಲ್ ನಡೆಸುತ್ತಿದ್ದರು, ಡ್ರಗ್ಸ್ ಕೇಸಿನಲ್ಲಿ ಸಿಕ್ಕಿದರು. ಗಡೀಪಾರು ಆಗಲ್ಲ ಅಂತ ವಕೀಲ ಭರವಸೆ ಕೊಟ್ಟಿದ್ದ. ಜಡ್ಜ್ ಮುಂದೆ ಇದರಿಂದ ನಿನ್ನನ್ನು ದೇಶದಿಂದ ಕಳಿಸಬಹುದು, ಅದು ನಿನ್ನ ನಿರ್ಧಾರದ ಮೇಲೆ ಪರಿಣಾಮ ಮಾಡುತ್ತದಾ ಎಂಬ ಪ್ರಶ್ನೆ ಬಂದಾಗ ಲೀ ಹೌದು ಎಂದರು. ಹೇಗೆ ಎಂದು ಜಡ್ಜ್ ಕೇಳಿದರು. ನನಗೆ ಅರ್ಥ ಆಗ್ತಿಲ್ಲ ಅಂತ ವಕೀಲನ ಕಡೆ ತಿರುಗಿದರು. ಅದು ಎಲ್ಲರಿಗೂ ಹೇಳುವ ಮಾತು ಅಂತ ವಕೀಲ ಸಮಾಧಾನ ಮಾಡಿದ. ಲೀ ಗಿಲ್ಟಿ ಅಂದರು. 2017ರಲ್ಲಿ ಸುಪ್ರೀಂ ಕೋರ್ಟು ಅವರ ಪರ ತೀರ್ಪು ಕೊಟ್ಟಿತು. ಸಾಕ್ಷ್ಯ ಎಷ್ಟೇ ಬಲವಾಗಿದ್ದರೂ, ಬದುಕೆಲ್ಲ ಇಲ್ಲೇ ಇರುವ ಮನುಷ್ಯ ಗಡೀಪಾರು ಖಚಿತ ಅಂತ ಗೊತ್ತಿದ್ದರೆ ಗಿಲ್ಟಿ ಅನ್ನದೆ ವಿಚಾರಣೆಗೇ ಹೋಗುತ್ತಿದ್ದ ಅನ್ನುವುದನ್ನು ಕೋರ್ಟು ಒಪ್ಪಿತು. ನ್ಯೂಜೆರ್ಸಿಯಲ್ಲಿ ಗಿಲ್ಟಿ ಅನ್ನುವಾಗ ತುಂಬುವ ಫಾರಂನಲ್ಲಿ 17ನೇ ಪ್ರಶ್ನೆ ಇದೇ ವಿಷಯದ್ದು. ಆ ಪ್ರಶ್ನೆಗೆ ಬಂದಾಗ ನಾನು ಪೆನ್ನು ಕೆಳಗಿಟ್ಟು, ಕಕ್ಷಿದಾರರು ಕನ್ನಡದವರಾದರೆ ಕನ್ನಡದಲ್ಲೇ, ಅವರಿಗೆ ಅರ್ಥವಾದದ್ದನ್ನು ಅವರ ಬಾಯಿಂದಲೇ ಹೇಳಿಸಿ ಕೇಳುತ್ತೇನೆ. ಹಿಂದೆ ಇನ್ನೂ ಇಪ್ಪತ್ತು ಕೇಸು ಕಾಯುತ್ತಿದ್ದರೂ ಸರಿ.

ಈಗ ಆ ‘ತಪ್ಪಾಯ್ತು’ ವಿಷಯ. ನಾವು ಆ ಮಾತನ್ನು ಎಷ್ಟು ಸಲ ಅನ್ನುತ್ತೇವೆ ಯೋಚಿಸಿ. ಬಸ್ಸಿನಲ್ಲಿ ಯಾರದೋ ಕಾಲು ತುಳಿದರೆ ತಪ್ಪಾಯ್ತು. ಹಿರಿಯರು ಗದರಿದರೆ, ನಮ್ಮದೇನೂ ಇಲ್ಲದಿದ್ದರೂ, ತಪ್ಪಾಯ್ತು. ಅದು ಎದುರಿನವರ ಸಿಟ್ಟು ಇಳಿಸುವ ಮಾತು. ಜಗಳ ಬೇಡ ಅನ್ನುವ ಮಾತು. ಯೂನಿಫಾರ್ಮ್ ಹಾಕಿದವರ ಮುಂದಂತೂ ತಾನಾಗಿಯೇ ಬಾಯಿಗೆ ಬರುತ್ತದೆ. ಇಲ್ಲಿ ಅದನ್ನು ಇಂಗ್ಲಿಷಿನಲ್ಲಿ ‘ಸಾರಿ ಸರ್, ಮೈ ಮಿಸ್ಟೇಕ್’ ಅಂದ ಕೂಡಲೇ ರಿಪೋರ್ಟಿನಲ್ಲಿ ಆರೋಪಿ ತಪ್ಪು ಒಪ್ಪಿಕೊಂಡಿದ್ದಾನೆ ಅಂತ ಬರೆದುಕೊಳ್ಳುತ್ತಾರೆ.

ಎಲಿಜಬೆತ್ ಊರಿನಲ್ಲಿ ಗಡೀಪಾರಿನ ಕೇಸು ಇರುವವರನ್ನು ಕೂಡಿಹಾಕುವ ಡಿಟೆನ್ಷನ್ ಸೆಂಟರ್‌ನಲ್ಲಿದ್ದ ಒಬ್ಬರ ಬಾಂಡ್ ವಿಚಾರಣೆ. ಬಾಂಡ್ ಅಂದರೆ ನಮ್ಮ ಜಾಮೀನೇ. ಇಂಗ್ಲಿಷ್ ಅಷ್ಟಾಗಿ ಬಾರದವರು, ಅಡುಗೆ ಕೆಲಸ. ಕನ್ನಡ ಅನುವಾದಕರು ಸಿಗುವುದು ಕಷ್ಟ, ಫೋನಿನಲ್ಲಿ ಬೇರೆ ಯಾವುದೋ ರಾಜ್ಯದಿಂದ ಒಬ್ಬರನ್ನು ಹಿಡಿದರು. ಹಳೆಯ ಹೊಡೆದಾಟದ ಕೇಸಿನ ಬಗ್ಗೆ ಜಡ್ಜ್ ಕೇಳಿದಾಗ ಇವರು ಕೈಮುಗಿದು "ತಪ್ಪಾಯ್ತು ಸಾರ್, ಏನೋ ಆಗೋಯ್ತು" ಅಂದರು. ಫೋನಿನಿಂದ ಬಂದ ಇಂಗ್ಲಿಷ್: ನಾನು ಅಪರಾಧಿ. ನಾನು ತಕ್ಷಣ ಎದ್ದು ಆಕ್ಷೇಪಿಸಿದೆ. ಆ ಮಾತಿಗೆ ನಮ್ಮಲ್ಲಿ ಏನು ಅರ್ಥ, ಕೈಮುಗಿಯುವುದಕ್ಕೆ ಏನು ಅರ್ಥ ಅಂತ ಹೇಳಿದೆ. ಆ ಜಡ್ಜ್ ತಾಳ್ಮೆಯಿಂದ ಕೇಳಿ, ಪ್ರಶ್ನೆಯನ್ನು ಬಿಡಿಸಿ ಮತ್ತೆ ಕೇಳಿದರು. ಹೊಡೆದದ್ದು ಇವರಲ್ಲ, ಬಿಡಿಸಲು ಹೋದದ್ದು ಅನ್ನುವುದು ಆಗ ದಾಖಲೆಗೆ ಬಂತು. ಮನೆಗೆ ಬಂದ ಮೇಲೂ ನನ್ನ ಕೈ ನಡುಗುತ್ತಿತ್ತು. ನಾನು ಕನ್ನಡದವಳಲ್ಲದಿದ್ದರೆ?

ಅದಕ್ಕಿಂತ ದೊಡ್ಡ ಸಂಕಟ, ಇಮಿಗ್ರೇಷನ್ ಕೋರ್ಟಿನಲ್ಲಿ ವಕೀಲರೇ ಇಲ್ಲದೆ ನಿಲ್ಲುವವರದ್ದು. ಕ್ರಿಮಿನಲ್ ಕೋರ್ಟಿನಲ್ಲಿ ದುಡ್ಡಿಲ್ಲದವನಿಗೆ ಸರ್ಕಾರವೇ ವಕೀಲರನ್ನು ಕೊಡಬೇಕು ಅನ್ನುವುದು 1963ರ ಗಿಡಿಯನ್ ತೀರ್ಪಿನಿಂದ ಬಂದದ್ದು. ಇಮಿಗ್ರೇಷನ್ ಕೋರ್ಟಿಗೆ ಅದು ಅನ್ವಯಿಸುವುದಿಲ್ಲ. ವಕೀಲರನ್ನು ಇಟ್ಟುಕೊಳ್ಳಬಹುದು, ಖರ್ಚು ಸರ್ಕಾರದ್ದಲ್ಲ ಅಂತ ಕಾನೂನಿನಲ್ಲೇ ಬರೆದಿದೆ. ಅಲ್ಲಿನ ಜಡ್ಜ್‌ಗಳು ಕೂಡ ನ್ಯಾಯಾಂಗದವರಲ್ಲ, ನ್ಯಾಯ ಇಲಾಖೆಯ ನೌಕರರು. ನ್ಯೂವರ್ಕ್‌ನ ಬ್ರಾಡ್ ಸ್ಟ್ರೀಟ್‌ನ ಆ ಫೆಡರಲ್ ಕಟ್ಟಡದಲ್ಲಿ ಪುಟ್ಟ ಮಕ್ಕಳು ಒಬ್ಬರೇ ಬೆಂಚಿನ ಮೇಲೆ ಕೂತು ಸರದಿ ಕಾಯುವುದನ್ನು ನೋಡಿದ್ದೇನೆ. ಅಂಥ ದಿನ ಬೇರೆ ಕೆಲಸ ಮಾಡಲು ಆಗುವುದಿಲ್ಲ.

ಗಂಡ ಹೆಂಡತಿ ಕೇಸುಗಳ ಬಗ್ಗೆಯೂ ಹೇಳಬೇಕು, ನಮ್ಮ ಜನರಲ್ಲಿ ಇದು ಮುಚ್ಚಿಟ್ಟುಕೊಳ್ಳುವ ವಿಷಯ. 911ಕ್ಕೆ ಫೋನ್ ಹೋದ ಮೇಲೆ, ಮೈಮೇಲೆ ಗಾಯದ ಗುರುತು ಕಂಡರೆ ನ್ಯೂಜೆರ್ಸಿ ಪೊಲೀಸರು ಬಂಧಿಸಲೇಬೇಕು. ಮರುದಿನ ಹೆಂಡತಿ ಬಂದು ಕೇಸು ವಾಪಸ್ ತಗೋತೀನಿ ಅಂದರೆ ಆಗುವುದಿಲ್ಲ, ಅದು ಸರ್ಕಾರದ ಕೇಸು. ಗಂಡನಿಗೆ ಶಿಕ್ಷೆಯಾದರೆ ಅವನು ಗಡೀಪಾರು ಆಗಬಹುದು, ರಕ್ಷಣಾ ಆದೇಶ ಮೀರಿದರೂ ಆಗಬಹುದು. ಅವಳದ್ದು ಎಚ್‌4 (ಗಂಡನ ಕೆಲಸದ ವೀಸಾ ಮೇಲೆ ಹೆಂಡತಿಗೆ ಸಿಗುವ ವೀಸಾ) ಆದರೆ ಅವನ ವೀಸಾ ಹೋದ ದಿನ ಅವಳದ್ದೂ ಹೋಯಿತು. ಎಷ್ಟೋ ಹೆಣ್ಣುಮಕ್ಕಳು ಏಟು ತಿಂದುಕೊಂಡು ಸುಮ್ನೆ ಇರುವುದು ಈ ಭಯಕ್ಕೇ. ಗಂಡನ ಕೇಸು ಒಪ್ಪಿಕೊಂಡರೆ ನಾನು ಹೆಂಡತಿಗೆ ಸಲಹೆ ಕೊಡುವಂತಿಲ್ಲ. ಆದರೆ ಇಲ್ಲಿ ಎಲ್ಲರಿಗೂ ಸೇರಿಸಿ ಹೇಳುತ್ತೇನೆ. ಏಟು ಬೀಳುತ್ತಿದ್ದರೆ ವೀಸಾ ಯೋಚನೆ ಬಿಟ್ಟು ಫೋನ್ ಮಾಡಿ. ಅಪರಾಧಕ್ಕೆ ತುತ್ತಾದವರಿಗೆ ಯು ವೀಸಾ ಅಂತ ಇದೆ, ವರ್ಷಕ್ಕೆ 10,000 ಮಾತ್ರ, ಕಾಯುವುದು ಬಹಳ, ಆದರೂ ಇದೆ. ಹಿಂಸೆಗೆ ಒಳಗಾದ ಎಚ್‌4 ಹೆಂಡತಿಗೆ ಕೆಲಸದ ಪರ್ಮಿಟ್ ಕೇಳಲು ಕಾನೂನಿನಲ್ಲಿ ಅವಕಾಶ ಇದೆ. ನ್ಯೂಜೆರ್ಸಿಯಲ್ಲಿ ದಕ್ಷಿಣ ಏಷ್ಯಾದ ಹೆಣ್ಣುಮಕ್ಕಳಿಗಾಗಿಯೇ 1985ರಲ್ಲಿ ಶುರುವಾದ ಮಾನವಿ ಎಂಬ ಸಂಸ್ಥೆ ಇದೆ.

ಇನ್ನು ಆ ಹುಡುಗ. ಅಂಗಡಿಯ ಕ್ಯಾಮೆರಾ ವಿಡಿಯೋ ತರಿಸಿ ನೋಡಿದೆ, ಒಂದಲ್ಲ ಹತ್ತು ಸಲ. ಎರಡು ಸಾಮಾನನ್ನೂ ಅವನು ಮಿಷನ್ ಮುಂದೆ ಹಿಡಿದದ್ದು ಅದರಲ್ಲಿ ಕಾಣುತ್ತದೆ. ಮಿಷನ್ ಓದಲಿಲ್ಲ, ಅವನು ನೋಡಿಕೊಳ್ಳಲಿಲ್ಲ. ಮೂರನೇ ವಾಯಿದೆಗೆ ಪ್ರಾಸಿಕ್ಯೂಟರ್ ಕೇಸು ಕೈಬಿಟ್ಟರು. ಅವನು ಗಿಲ್ಟಿ ಅನ್ನುವ ಪ್ರಸಂಗವೇ ಬರಲಿಲ್ಲ. ಆದರೆ ಬಂಧನ ಆದದ್ದಂತೂ ನಿಜ. ವೀಸಾ ಅರ್ಜಿ ಶಿಕ್ಷೆ ಆಗಿದೆಯಾ ಅಂತ ಮಾತ್ರ ಕೇಳುವುದಿಲ್ಲ, ಎಂದಾದರೂ ಬಂಧನ ಆಗಿದೆಯಾ ಅಂತಲೂ ಕೇಳುತ್ತದೆ. ಅಲ್ಲಿ ಹೌದು ಅಂತಲೇ ಬರೆಯಬೇಕು. ಸುಳ್ಳು ಬರೆದರೆ ಇಲ್ಲದ ಕೇಸು ಹುಟ್ಟುತ್ತದೆ. ಕೋರ್ಟಿನ ಸೀಲು ಇರುವ ವಜಾ ಆದೇಶದ ನಾಲ್ಕು ಪ್ರತಿ ತೆಗೆಸಿಕೊಟ್ಟಿದ್ದೇನೆ.

ಡಿಸೆಂಬರ್‌ನಲ್ಲಿ ಅವನ ತಂಗಿ ಮದುವೆ. ಹೋದರೆ ಚೆನ್ನೈನಲ್ಲಿ ಸ್ಟಾಂಪಿಂಗ್ ಮಾಡಿಸಿಕೊಂಡೇ ವಾಪಸ್ ಬರಬೇಕು. ಅಲ್ಲಿ ಎಷ್ಟು ವಾರ ಹಿಡಿಸುತ್ತಾರೋ ನಾನು ಮಾತು ಕೊಡುವ ಹಾಗಿಲ್ಲ, ಸೆಮಿಸ್ಟರ್ ಶುರುವಾಗುವುದು ಜನವರಿಯಲ್ಲಿ. "ಹೋಗ್ಲಾ ಬೇಡ್ವಾ ಅಕ್ಕಾ, ನೀವೇ ಹೇಳಿ" ಅಂತ ನಿನ್ನೆ ಮತ್ತೆ ಫೋನ್ ಮಾಡಿದ್ದ. ಅಪ್ಪನಿಗೆ ಇನ್ನೂ ಹೇಳಿಲ್ಲವಂತೆ. ಗುರುವಾರ ಆಫೀಸಿಗೆ ಬಾ, ಮೊದಲು ಇಲ್ಲಿಂದಲೇ ಅಪ್ಪನಿಗೆ ಫೋನ್ ಮಾಡೋಣ, ನಾನೂ ಪಕ್ಕದಲ್ಲಿ ಇರುತ್ತೇನೆ ಅಂದಿದ್ದೇನೆ.