1200 ಮಿ.ಮೀ. ಏರ್ ರಿಸೀವರ್: ಟಿ ಜಾಯಿಂಟ್‌ನಲ್ಲಿ ಸಿಕ್ಕ ಸ್ಲ್ಯಾಗ್ ಗೆರೆ

ಲೆಕ್ಕ: ಮುಗಿದಿದೆ

ಒತ್ತಡದ ಗಾಳಿ ತುಂಬಿಡುವ ಟ್ಯಾಂಕ್ ಇದು. ಒಳವ್ಯಾಸ 1200 ಮಿ.ಮೀ., ಶೆಲ್ (ಸಿಲಿಂಡರ್ ಆಕಾರದ ಮೈ) ಉದ್ದ 2400 ಮಿ.ಮೀ., ಡಿಸೈನ್ ಒತ್ತಡ 1.5 ಎಂಪಿಎ, ತುಕ್ಕಿಗೆಂದು 1.5 ಮಿ.ಮೀ. ಪ್ಲೇಟ್ ಎಸ್‌ಎ-516 ಗ್ರೇಡ್ 70 ಉಕ್ಕು, ಅದಕ್ಕೆ ಲೆಕ್ಕದಲ್ಲಿ ಹಿಡಿಯಬಹುದಾದ ಸ್ಟ್ರೆಸ್ 138 ಎಂಪಿಎ. ಎಎಸ್‌ಎಂಇ ಸೆಕ್ಷನ್ 8 ಡಿವಿಷನ್ 1ರ (ಒತ್ತಡದ ಪಾತ್ರೆಗಳ ಕೋಡ್) ಪ್ರಕಾರ ರೇಡಿಯೋಗ್ರಫಿಯೇ (ಎಕ್ಸ್-ರೇಯಂತೆ ಬೆಸುಗೆಯ ಒಳಭಾಗದ ಫಿಲ್ಮ್ ತೆಗೆಯುವುದು) ಇಲ್ಲದಿದ್ದರೆ ಜಾಯಿಂಟ್ ಎಫಿಶಿಯೆನ್ಸಿ (ಬೆಸುಗೆಯ ಬಲವನ್ನು ಎಷ್ಟು ನಂಬಬಹುದೆಂಬ ಅಂಕ) 0.70, ತುಕ್ಕಿನ ಪಾಲು ಸೇರಿ 10.93 ಮಿ.ಮೀ. ಬೇಕು, ಅಂದರೆ 12ರ ಪ್ಲೇಟ್. ಸ್ಪಾಟ್ ರೇಡಿಯೋಗ್ರಫಿ, ಅಂದರೆ ಆಯ್ದ ಜಾಗಗಳಲ್ಲಿ ಮಾತ್ರ ಫಿಲ್ಮ್, ಮಾಡಿಸಿದರೆ 0.85, ಆಗ 9.25, 10ರ ಪ್ಲೇಟ್ ಸಾಕು. 10ಕ್ಕೇ ನಿಂತಿದ್ದಾಯಿತು. ಪ್ಲೇಟಿನಲ್ಲಿ ಉಳಿಸಿದ್ದಕ್ಕೆ ಈಗ ಬೆಸುಗೆಯೇ ಜವಾಬು ಕೊಡಬೇಕು.

ಲಾಂಗ್ ಸೀಮ್: ಮುಗಿದಿದೆ

ಶೆಲ್‌ನ ಉದ್ದಕ್ಕೆ ಹೋಗುವ ಬೆಸುಗೆ. ಅಂಚುಗಳ ನಡುವಿನ ತೋಡು ಸಿಂಗಲ್ ವಿ, 60 ಡಿಗ್ರಿ, ರೂಟ್ (ತೋಡಿನ ಬುಡ) ಗ್ಯಾಪ್ 2 ಮಿ.ಮೀ., ರೂಟ್ ಫೇಸ್ (ಬುಡದಲ್ಲಿ ಓರೆ ಮಾಡದೆ ಬಿಟ್ಟ ಅಂಚು) 1.5. ಇ7018 ವೆಲ್ಡಿಂಗ್ ರಾಡ್, ವ್ಯಾಸ ರೂಟ್‌ಗೆ 2.5, ಮೇಲಿನ ಪಾಸ್‌ಗಳಿಗೆ 3.15, ಬೇಕ್ ಮಾಡಿ ಬಿಸಿ ಡಬ್ಬಿಯಿಂದಲೇ ತೆಗೆದು ಬಳಸಿದ್ದು. ಅಂಚುಗಳ ಏರುಪೇರು 1 ಮಿ.ಮೀ.; ಮಿತಿ ದಪ್ಪದ ಕಾಲುಭಾಗ, 2.5.

ಸುತ್ತಿನ ಸೀಮ್: ಫಿಲ್ಮ್ ಫೇಲ್

ಸೀಮ್‌ಗಳೆಲ್ಲ ಸೇರಿ ಸುಮಾರು 10 ಮೀಟರ್, ಬೆಸುಗೆಗಾರ ಒಬ್ಬರೇ. ಕೋಡ್‌ನ ಯುಡಬ್ಲ್ಯೂ-52 ನಿಯಮ ಕೇಳುವುದು 15 ಮೀಟರ್‌ಗೆ ಒಂದು ಸ್ಪಾಟ್. ಇನ್‌ಸ್ಪೆಕ್ಟರ್ ಲಾಂಗ್ ಸೀಮ್ ಸುತ್ತಿನ ಸೀಮನ್ನು ಸೇರುವ ಟಿ ಜಾಯಿಂಟನ್ನೇ ತೋರಿಸಿದರು, ಅದು ಸರಿಯಾದ ಆಯ್ಕೆ. ಫಿಲ್ಮ್‌ನಲ್ಲಿ 9 ಮಿ.ಮೀ. ಉದ್ದದ ಸ್ಲ್ಯಾಗ್ (ಬೆಸುಗೆಯೊಳಗೆ ಸಿಕ್ಕಿಕೊಂಡ ರಾಡ್ ಲೇಪನದ ಕಿಟ್ಟ) ಗೆರೆ. ಮಿತಿ ದಪ್ಪದ ಮೂರನೇ ಎರಡು ಭಾಗ, 6.7. ಪಕ್ಕದಲ್ಲಿದ್ದ ಗಾಳಿಗುಳ್ಳೆಗಳು, ಅಂದರೆ ದುಂಡು ಪೋರ್‌ಗಳು ಕಣ್ಣಿಗೆ ಕುಕ್ಕಿದರೂ ಸ್ಪಾಟ್ ಫಿಲ್ಮ್‌ನಲ್ಲಿ ಅವು ಲೆಕ್ಕಕ್ಕಿಲ್ಲ. ಬಿರುಕು, ಫ್ಯೂಷನ್ ಆಗದಿರುವುದು, ರೂಟ್ ತುಂಬದಿರುವುದು ಮಾತ್ರ ಎಷ್ಟೇ ಚಿಕ್ಕದಿದ್ದರೂ ಪಾಸಾಗುವುದಿಲ್ಲ.

ಲಾಂಗ್ ಸೀಮ್ ತುದಿಯ ಉಬ್ಬನ್ನು ಸಮ ಮಾಡದೆಯೇ ಅದರ ಮೇಲೆ ಸುತ್ತಿನ ಸೀಮ್ ಹಾಯಿಸಲಾಗಿತ್ತು; ಸ್ಲ್ಯಾಗ್ ಆ ಸಂದಿಯಲ್ಲಿ ಕೂತಿದೆ. ಆದರೆ ಮತ್ತೆರಡು ಸ್ಪಾಟ್ ತೆಗೆದಾಗ ಒಂದು ಶುದ್ಧವಾಗಿ ಬಂತು, ಇನ್ನೊಂದರಲ್ಲಿ ಟಿ ಜಾಯಿಂಟ್‌ನಿಂದ ದೂರದಲ್ಲೂ 14 ಮಿ.ಮೀ. ಗೆರೆ. ಅಲ್ಲಿಗೆ ಬ್ಯಾಕ್ ಗೌಜಿಂಗ್ (ಹಿಂಬದಿಯಿಂದ ಬೆಸೆಯುವ ಮೊದಲು ರೂಟ್ ಕೊರೆದು ಶುದ್ಧ ಮಾಡುವುದು) ಮೇಲೆಯೇ ಅನುಮಾನ. ಈಗ ನಿಯಮದಂತೆ ಎರಡೇ ದಾರಿ: ಅಷ್ಟೂ ಬೆಸುಗೆ ಕಿತ್ತು ಹಾಕುವುದು, ಇಲ್ಲವೇ ಪೂರ್ತಿ ಫಿಲ್ಮ್ ತೆಗೆದು ಕೆಟ್ಟದ್ದನ್ನು ಸರಿಪಡಿಸುವುದು. ಎರಡನೆಯದೇ ಆಯಿತು, ಒಟ್ಟು ನಾಲ್ಕು ಕಡೆ ದೋಷ, ನಾಲ್ಕೂ ರೂಟ್‌ನಲ್ಲಿ.

ರಿಪೇರಿ: ಮೂರು ಮುಗಿದಿವೆ

ಒಳಗಿನಿಂದ ಗ್ರೈಂಡ್ ಮಾಡುವಾಗ ಹೊಳೆಯುವ ಲೋಹದ ನಡುವೆ ಕೂದಲೆಳೆಯಂಥ ಕಪ್ಪು ಗೆರೆ ಕಾಣುತ್ತದೆ. ಡಿಸ್ಕ್ ಒತ್ತಿ ಹಿಡಿದರೆ ಲೋಹ ಸವರಿಕೊಂಡು ಅದನ್ನು ಮುಚ್ಚಿಬಿಡುತ್ತದೆ, ಮುಗಿಯಿತೆಂದು ಕೈ ನಿಲ್ಲುತ್ತದೆ. ಮೊದಲ ಸಲ ಆಗಿದ್ದೂ ಇದೇ ಇರಬೇಕು. ಹಗುರವಾಗಿ ಉಜ್ಜಿ, ಗೆರೆ ಪೂರ್ತಿ ಹೋದ ಮೇಲೂ ಇನ್ನೊಂದು ಮಿ.ಮೀ. ಇಳಿದು, ಡಿಪಿ ಟೆಸ್ಟ್ (ಬಣ್ಣದ ದ್ರವ ಹಚ್ಚಿ ಮೇಲ್ಮೈ ದೋಷ ಹುಡುಕುವುದು) ಮಾಡಿದ ಮೇಲೆಯೇ ರಾಡ್. ತೋಡು ಯು ಆಕಾರದಲ್ಲಿರಲಿ, ತುದಿಗಳು ಇಳಿಜಾರಾಗಿರಲಿ. ಕಿರಿದಾಗಿ ಕೊರೆದರೆ ರಾಡ್ ಬುಡ ಮುಟ್ಟದೆ ಸ್ಲ್ಯಾಗ್ ಮತ್ತೆ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಮೂರರ ಮರುಫಿಲ್ಮ್ ಪಾಸ್.

ಬಾಕಿ

ನಾಲ್ಕನೆಯ ರಿಪೇರಿ, ಆಮೇಲೆ ಹೈಡ್ರೋ ಟೆಸ್ಟ್. ಮೇಲಿನ ವೆಂಟ್‌ನಿಂದ ಗಾಳಿ ಪೂರ್ತಿ ಹೋಗುವವರೆಗೆ ನೀರು ತುಂಬಿ 1.95 ಎಂಪಿಎಗೆ ಏರಿಸಿ, 1.5ಕ್ಕೆ ಇಳಿಸಿದ ಮೇಲೆ ಪ್ರತಿ ಸೀಮ್ ಹತ್ತಿರದಿಂದ ನೋಡುವುದು. ಪೇಂಟ್ ಅದಾದ ಮೇಲೆಯೇ; ಬಣ್ಣದ ಪದರ ಸಣ್ಣ ಸೋರಿಕೆಯನ್ನು ಮುಚ್ಚಿಬಿಡುತ್ತದೆ.