ನನ್ಸ್ ಕ್ರಾಸ್ ನೋಡೋಕೆ ಹೊರಟಿದ್ದೀರಾ? ಶೂ ಗಟ್ಟಿ ಇರಲಿ

ಇಂಗ್ಲೆಂಡಿನ ಡೆವನ್ ಜಿಲ್ಲೆಯ ಡಾರ್ಟ್‌ಮೂರ್ ಬಯಲಲ್ಲಿ ಹಳೇ ಕಲ್ಲು ಶಿಲುಬೆಗಳು ಅಲ್ಲಲ್ಲಿ ಒಂಟಿಯಾಗಿ ನಿಂತಿವೆ. ಒಂದೇ ದಿನದಲ್ಲಿ ಐದಾರು ನೋಡಿಬಿಡೋಣ ಅಂತ ಹೊರಟವರು ನಾವು, ನೋಡಿದ್ದು ಎರಡೇ. ನಡೆಯುವ ಆಸೆ ಇದ್ದರೆ ಒಂದು ದಿನಕ್ಕೆ ನನ್ಸ್ ಕ್ರಾಸ್ ಅನ್ನೋ ಶಿಲುಬೆ ಒಂದೇ ಸಾಕು.

ಕಾರನ್ನು ಪ್ರಿನ್ಸ್‌ಟೌನ್‌ನಲ್ಲಿ ಬಿಡಿ. ಊಟ, ಟಾಯ್ಲೆಟ್ ಎಲ್ಲಾ ಅಲ್ಲೇ ಮುಗಿಸಿ, ಮುಂದೆ ಒಂದು ಮರದ ನೆರಳೂ ಸಿಗಲ್ಲ. ಊರಿಂದ ದಕ್ಷಿಣಕ್ಕೆ ಸೌತ್ ಹೆಸರಿ ಟಾರ್ ಅನ್ನೋ ಬಂಡೆಗುಡ್ಡದ ಪಕ್ಕ ಹೋಗುವ ಮಣ್ಣುದಾರಿ ಹಿಡಿದರೆ ಸುಮಾರು 4 ಕಿ.ಮೀ. ದಾರಿಯಲ್ಲಿ 1917 ಅಂತ ಕೆತ್ತಿದ ಗಿಡ್ಡ ಕಲ್ಲುಗಳು ಕಾಣುತ್ತವೆ, ಅವು ಪ್ಲಿಮತ್ ನಗರದ ನೀರು ಸರಬರಾಜಿನವರು ನೆಟ್ಟ ಗಡಿಕಲ್ಲು. ನಮ್ಮ ಯಜಮಾನರು ಮೊದಲನೆಯದನ್ನೇ ಶಿಲುಬೆ ಅಂದುಕೊಂಡು ಹತ್ತು ಫೋಟೋ ತೆಗೆದಿದ್ದರು!

ನಿಜವಾದದ್ದು ಕಂಡರೆ ಗೊತ್ತಾಗುತ್ತದೆ. ಏಳಡಿಗೂ ಜಾಸ್ತಿ ಎತ್ತರ, ಮೊಂಡು ತೋಳು. 1240ರ ಗಡಿ ದಾಖಲೆಯಲ್ಲೇ ಇದಕ್ಕೆ ಸಿವಾರ್ಡ್‌ನ ಶಿಲುಬೆ ಅಂತ ಹೆಸರಿದೆ. 1846ರಲ್ಲಿ ಬಿದ್ದು ಮುರಿದಿತ್ತು, ಆಮೇಲೆ ಕಬ್ಬಿಣದ ಪಟ್ಟಿ ಹಾಕಿ ಕೂಡಿಸಿದರು, ಹತ್ತಿರ ಹೋದರೆ ಅದು ಕಾಣುತ್ತದೆ. ಕೆತ್ತಿದ ಅಕ್ಷರ ಮಾತ್ರ ತುಂಬಾ ಸವೆದಿದೆ. ನೇರ ನೋಡಿದರೆ ಏನೂ ತಿಳಿಯಲ್ಲ. ಮೊಬೈಲ್ ಟಾರ್ಚನ್ನು ಪಕ್ಕದಿಂದ, ಕಲ್ಲಿಗೆ ತಾಗುವ ಹಾಗೆ ಹಿಡಿದಾಗ ಒಂದೆರಡು ಗೆರೆ ಎದ್ದು ಕಂಡವು. ಮೈತುಂಬಾ ಕಲ್ಲುಹೂವು, ನಾವು ಮಸಾಲೆಗೆ ಹಾಕುತ್ತೇವಲ್ವಾ, ಆ ಜಾತಿಯದು. ಕೆರೆಯಬೇಡಿ.

ಹಿಂದಿನ ಕಾಲದಲ್ಲಿ ಬಕ್‌ಫಾಸ್ಟ್ ಮಠದಿಂದ ಟಾವಿಸ್ಟಾಕ್ ಮಠದ ಕಡೆ ಈ ಬಯಲು ದಾಟುವವರಿಗೆ ಇಂಥ ಕಲ್ಲುಗಳೇ ದಾರಿ ಗುರುತಾಗಿದ್ದವು. ಗುರುತು ಯಾಕೆ ಬೇಕಿತ್ತು ಅನ್ನೋದು ವಾಪಸ್ ಬರುವಾಗ ಅರ್ಥ ಆಯಿತು. ಬಿಸಿಲಿದ್ದ ಜಾಗಕ್ಕೆ ಹತ್ತೇ ನಿಮಿಷದಲ್ಲಿ ಮಂಜು ಇಳಿದು, ಬೆನ್ನ ಹಿಂದಿನ ಶಿಲುಬೆಯೇ ಮಾಯ. ಫೋನಲ್ಲಿ ನೆಟ್‌ವರ್ಕ್ ಇಲ್ಲ. ಅಡ್ಡದಾರಿ ಹಿಡಿಯೋಣ ಅಂತ ನಾನು ಹಸಿರು ಹುಲ್ಲಿನ ಮೇಲೆ ಕಾಲಿಟ್ಟೆ, ಮೊಣಕಾಲವರೆಗೂ ಕೆಸರು. ಅಲ್ಲಿಂದ ಪೂರ್ವಕ್ಕೆ ಫಾಕ್ಸ್ ಟಾರ್ ಜೌಗು ಇದೆ, ಆ ಕಡೆ ಸುಮ್ನೆ ಕೂಡ ಇಳಿಯಬೇಡಿ. ಕಾಗದದ ಮ್ಯಾಪು, ದಿಕ್ಸೂಚಿ, ಒಂದು ಜೊತೆ ಒಣ ಕಾಲುಚೀಲ ಇಟ್ಟುಕೊಳ್ಳಿ.

ವಯಸ್ಸಾದವರು ಜೊತೆಗಿದ್ದರೆ ಬೆನೆಟ್ಸ್ ಕ್ರಾಸ್‌ಗೆ ಹೋಗಿ. ಪೋಸ್ಟ್‌ಬ್ರಿಡ್ಜ್‌ನಿಂದ ಮೋರ್ಟನ್‌ಹ್ಯಾಂಪ್‌ಸ್ಟೆಡ್‌ಗೆ ಹೋಗುವ ರಸ್ತೆ ಪಕ್ಕದಲ್ಲೇ ಇದೆ, ಕಾರಿಂದ ಇಳಿದು ನಾಲ್ಕು ಹೆಜ್ಜೆ. ಸೊಟ್ಟಗೆ ವಾಲಿರುವ ಕಲ್ಲು ಅದು. ನಾವು ಹೋದಾಗ ಒಂದು ಕುರಿ ಅದಕ್ಕೆ ಮೈ ಉಜ್ಜಿಕೊಳ್ಳುತ್ತಿತ್ತು, ಅದರ ಕೆಲಸ ಮುಗಿಯೋವರೆಗೆ ಫೋಟೋಗೆ ಕಾಯಬೇಕಾಯಿತು.